ಮನೆ ಹೆಸರಿನ ಕಾಲಂ

ಕುಡಿತ ಬಿಟ್ಟವರೇ ಬಿಡಲು ಹೊರಟವರಿಗೆ ಜೊತೆಯಾಗುವ ನಮ್ಮ ಪುಟ್ಟ ಸಂಸ್ಥೆಗೆ, ಬರುವವರ ದಾಖಲೆ ಇಡಲು ಸಾಫ್ಟ್‌ವೇರ್ ಹುಡುಕುತ್ತಿದ್ದೇನೆ. ಇವತ್ತು ಡೆಮೊ ತೋರಿಸಿದವರು ಹತ್ತು ಸಲ 'ಹಿಪಾ, ಹಿಪಾ' ಅಂದರು. ಅದು ರೋಗಿಗಳ ಮಾಹಿತಿ ಕಾಪಾಡುವ ಅಮೆರಿಕದ 1996ರ ಕಾನೂನು ಮಾರಾಯ್ರೆ! ಬದಿಯಡ್ಕದಲ್ಲಿ ಕೂತ ನಾನು ನೋಡಬೇಕಾದ್ದು ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ದಂಡ 250 ಕೋಟಿ ರೂಪಾಯಿವರೆಗೂ ಇದೆ.

ಯಾರು ಯಾವಾಗ ಫೈಲ್ ತೆರೆದರು ಅಂತ ದಾಖಲಾಗುತ್ತಾ? ಹೌದು ಅಂದರು. ಅಳಿಸಿ ಅಂದರೆ ಬ್ಯಾಕಪ್‌ನಿಂದಲೂ ಅಳಿಯುತ್ತಾ? 'ಕೇಳಿ ಹೇಳ್ತೇವೆ.'

ಫಾರ್ಮಿನಲ್ಲಿ ಹೆಸರಿನ ಬದಲು ನಂಬರ್ ಇತ್ತು, ಚೆಂದ. ಕೆಳಗೆ ನೋಡಿದರೆ 'ಮನೆ ಹೆಸರು' ಅಂತ ಒಂದು ಕಾಲಂ! ನಮ್ಮೂರಲ್ಲಿ ಮನೆ ಹೆಸರು ಗೊತ್ತಾದ ಮೇಲೆ ಇನ್ನೇನು ಗುಟ್ಟು, ಅಲ್ವಾ?

ಸದ್ಯಕ್ಕೆ ಡ್ರಾಯರಿನಲ್ಲಿ ಹಳೇ ನೋಟ್‌ಬುಕ್ಕೇ ಇದೆ. ಕೀ ನನ್ನ ಜೇಬಲ್ಲಿ.