ಎಷ್ಟು ಮೊಲ ಸಾಕಿದ್ದೀರಿ?

ನಾನು ತಿಪಟೂರಿನವನು. ತೋಟದಲ್ಲಿ ಬಿದ್ದ ಕಾಯಿ ಎತ್ತಿಟ್ಟು ಬಾರೋ ಅಂದರೆ ಮುಖ ಗಂಟು ಹಾಕಿಕೊಳ್ಳುತ್ತಿದ್ದವನು, ಈಗ ಮ್ಯೂನಿಕ್‌ನ ಏಷ್ಯನ್ ಅಂಗಡಿಯಲ್ಲಿ ಫ್ರೀಜರಿನೊಳಗೆ ಕಲ್ಲಾಗಿ ಕೂತ 400 ಗ್ರಾಂ ಕಾಯಿತುರಿಗೆ ಯೂರೋ ಎಣಿಸುತ್ತೇನೆ. ಅಮ್ಮನಿಗೆ ರೇಟು ಹೇಳಿಲ್ಲ.

ಬಂದ ಹೊಸದರಲ್ಲಿ ಮನೆ ಊಟಕ್ಕೆ ಬೇಕಾದದ್ದೆಲ್ಲ ಆ ಅಂಗಡಿಯಲ್ಲೇ ಇರುವುದು ಅಂದುಕೊಂಡಿದ್ದೆ. ಒಂದು ಸಲ ಪಕ್ಕದ ಸೂಪರ್‌ಮಾರ್ಕೆಟ್ಟಿನ ರವೆಯಲ್ಲಿ ಉಪ್ಪಿಟ್ಟು ಮಾಡಿದೆ. ಗೋಡೆಗೆ ಪೋಸ್ಟರ್ ಅಂಟಿಸಬಹುದಿತ್ತು. ಆಮೇಲೆ ತಿಳಿಯಿತು, ಇಲ್ಲಿ ರವೆ ಎರಡು ಥರ. ‘ವೈಷ್‌ವೈಟ್ಸೆನ್’ ಅಂದರೆ ಮೆತ್ತನೆ ಗೋಧಿಯದು, ಹಾಲಲ್ಲಿ ಬೇಯಿಸಿ ಮಕ್ಕಳಿಗೆ ತಿನ್ನಿಸುವಂಥದ್ದು. ‘ಹಾರ್ಟ್‌ವೈಟ್ಸೆನ್’ ಗಟ್ಟಿ ಗೋಧಿಯದು, ನಮ್ಮ ಬನ್ಸಿ ರವೆಯ ಜಾತಿ. ಎರಡನೆಯದನ್ನು ತಂದು ಚೆನ್ನಾಗಿ ಹುರಿದರೆ ಉಪ್ಪಿಟ್ಟು ಉದುರುದುರಾಗಿ ಬರುತ್ತೆ. ತೊಗರಿಬೇಳೆಯದ್ದು ಬೇರೆ ಕಥೆ. ಇಲ್ಲಿನ ನೀರು ಗಡಸು, ಕೆಟಲ್ ತಳದಲ್ಲಿ ಬಿಳಿ ಪದರ ಕಟ್ಟುತ್ತೆ, ಬೇಳೆ ಬೇಗ ಬೇಯಲ್ಲ. ರಾತ್ರಿಯೇ ನೆನೆಹಾಕುತ್ತೇನೆ.

ಆದರೆ ನನ್ನ ನಿಜವಾದ ಕೊರಗು ಬಸ್ಸಾರು. ಪಾಲಕ್ ಸಿಗುತ್ತೆ, ಆದರೆ ಬೇಯಿಸಿದರೆ ಇದ್ದೂ ಇಲ್ಲದ ಹಾಗೆ ಕರಗಿಹೋಗುತ್ತೆ. ಬಸಿದ ಮೇಲೆ ಪಲ್ಯಕ್ಕೆ ಏನಾದರೂ ಉಳಿಯಬೇಕಲ್ಲ?

ಹೀಗಿರುವಾಗ ಒಂದು ಶನಿವಾರ ಸಂಜೆ (ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಹಾಗಾಗಿ ಶನಿವಾರ ಸಂಜೆ ಅಂದರೆ ನಮ್ಮ ಹಬ್ಬದ ಹಿಂದಿನ ದಿನದ ಸಂತೆ) ತರಕಾರಿ ಸಾಲಿನಲ್ಲಿ ಗೆಡ್ಡೆಕೋಸು ಕಂಡೆ. ಪುಸ್ತಕದವರ ನವಿಲುಕೋಸು, ಬೆಂಗಳೂರಿನವರ ನೂಲ್‌ಕೋಲು, ಇಲ್ಲಿಯವರ ಕೋಲ್‌ರಾಬಿ. ಹಸಿಯಾಗಿಯೇ ಹೆಚ್ಚಿ ಉಪ್ಪು ಹಾಕಿ ತಿನ್ನುತ್ತಾರೆ, ಇಲ್ಲವೇ ಕೆನೆಯಲ್ಲಿ ಬೇಯಿಸುತ್ತಾರೆ. ತೂಕವಿಲ್ಲ, ಒಂದಕ್ಕೆ ಇಷ್ಟು ಅಂತ ರೇಟು, ಅದಕ್ಕೇ ಎಲ್ಲರೂ ದಪ್ಪನೆಯದನ್ನೇ ಹುಡುಕುತ್ತಾರೆ. ಆರಿಸಿಕೊಂಡವರು ಎಲೆಯನ್ನೆಲ್ಲ ತಿರುಚಿ ಕಿತ್ತು ಪಕ್ಕದ ಪೆಟ್ಟಿಗೆಗೆ ಎಸೆದು ಹೋಗುತ್ತಿದ್ದರು. ಹಸಿರು ಎಲೆ, ಪೆಟ್ಟಿಗೆ ತುಂಬ, ಪುಕ್ಕಟೆ!

ಸುತ್ತ ನೋಡಿ ಚೀಲಕ್ಕೆ ತುಂಬತೊಡಗಿದೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನಕ್ಕು ಕೇಳಿದರು, “ಎಷ್ಟು ಮೊಲ ಸಾಕಿದ್ದೀರಿ?”

ಆ ಎಲೆಯನ್ನು ಇಲ್ಲಿ ಮೊಲ ಸಾಕಿದವರು ಒಯ್ಯುತ್ತಾರಂತೆ. ಬಸ್ಸಾರು ಅಂದರೆ ಏನು ಅಂತ ವಿವರಿಸುವಷ್ಟು ಜರ್ಮನ್ ನನಗೆಲ್ಲಿಂದ ಬರಬೇಕು? ನನ್ನನ್ನೂ ರೂಮ್‌ಮೇಟನ್ನೂ ಲೆಕ್ಕ ಹಾಕಿ “ಎರಡು” ಅಂದೆ. ಅವರು ತಮ್ಮ ಗೆಡ್ಡೆಯ ಎಲೆಯನ್ನೂ ಕಿತ್ತು ನನ್ನ ಚೀಲಕ್ಕೆ ಹಾಕಿದರು.

ಎಲೆ ದಂಟಿನ ಸೊಪ್ಪಿನಷ್ಟು ಮೆದುವಲ್ಲ. ನಡುವಿನ ನಾರು ತೆಗೆದು ಸಣ್ಣಗೆ ಹೆಚ್ಚಿ, ಅರ್ಧ ಬೆಂದ ಬೇಳೆಗೆ ಹಾಕಿ ಬೇಯಿಸಿ ಬಸಿದೆ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ, ಸಾರಿನ ಪುಡಿ, ಆ ದುಬಾರಿ ಕಾಯಿತುರಿ, ಜೊತೆಗೆ ಒಂದು ಹಿಡಿ ಬೆಂದ ಸೊಪ್ಪು ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಿದೆ. ಒಗ್ಗರಣೆಯ ಒಣಮೆಣಸಿನಕಾಯಿ ಘಾಟಿಗೆ ಸೂರಿನ ಹೊಗೆ ಅಲಾರಂ ಕೂಗಿಕೊಂಡಿತು. ರೂಮ್‌ಮೇಟ್ ಕುರ್ಚಿ ಹತ್ತಿ ಟವೆಲ್ ಬೀಸಿದ. ಮರದ ಸೌಟಿನ ಹಿಡಿಯಿಂದಲೇ ಮುದ್ದೆ ತಿರುವಿದೆ, ಅಲ್ಲಲ್ಲಿ ಗಂಟು ಉಳಿದಿತ್ತು. ಇಬ್ಬರೂ ಮಾತಾಡದೆ ಉಂಡೆವು.

ರಾತ್ರಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಎಲ್ಲ ಹೇಳಿದೆ. ಮೊಲಕ್ಕೆ ಹಾಕೋ ಸೊಪ್ಪು ತಿಂದ್ಯಲ್ಲೋ ಅಂತ ಅಳುತ್ತಾಳೇನೋ ಅಂತ ಭಯವಿತ್ತು.

“ಎಲೆ ಎಳೇದಾ, ಬಲಿತಿತ್ತಾ?” ಅಂದಳು. ಬಲಿತಿತ್ತು ಅಂದೆ.

“ಅಜ್ಜಿ ಕೈಲಿ ಎಳೇದು ಕೀಳಿಸ್ಕೋಬೇಕಿತ್ತು ಕಣೋ.”