ಖಾಲಿ ಸೀಸೆಯಲ್ಲಿ ಸಿಕ್ಕಿದ್ದು

ಮೂರು ವಾರದ ಕೆಲಸ ಮೊನ್ನೆ ಗುರುವಾರ ನೀರುಪಾಲಾಯಿತು. ಹೆಕ್ಸೇನ್ ಎಂಬ ದ್ರಾವಕದ ಪಾಲಾಯಿತು ಅಂದರೆ ಸರಿ.

ಶುರುವಾಗಿದ್ದು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ. ಅಸ್ಥಿ ಬಿಡಲು ಬಂದವರಲ್ಲಿ ಎಷ್ಟೋ ಜನ ಬಟ್ಟೆಯನ್ನೂ ಕಾವೇರಿಗೇ ಬಿಟ್ಟು ಹೋಗುತ್ತಾರೆ. ದಡದ ಮರಳಲ್ಲಿ ಪಾಲಿಯೆಸ್ಟರ್ ಎಳೆ, ಕವರಿನ ಚೂರು. 5 ಮಿಲಿಮೀಟರಿಗಿಂತ ಚಿಕ್ಕದಾದರೆ ಅದು ಮೈಕ್ರೋಪ್ಲಾಸ್ಟಿಕ್. ಆ ಚೂರಿಗೆ ಅಂಟಿಕೊಂಡು ಬರುವ ರಾಸಾಯನಿಕ ಹುಡುಕುವುದು ನನ್ನ ಕೆಲಸ. ಮರಳನ್ನು ಪ್ಲಾಸ್ಟಿಕ್ಕಿನಲ್ಲಿ ತರುವ ಹಾಗಿಲ್ಲ. ಅಮ್ಮನ ಸ್ಟೀಲ್ ಡಬ್ಬಿ ಎತ್ತಿಕೊಂಡು ಹೋದೆ.

“ಮಣ್ಣು ತುಂಬೋಕೆ ನನ್ನ ಡಬ್ಬಿನೇ ಬೇಕಿತ್ತೇನವ್ವಾ? ಆ ಪ್ಲಾಸ್ಟಿಕ್ಕಿಂದು ಇತ್ತಲ್ಲ!”

ಆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅಮ್ಮ ಯಾವತ್ತೋ ಹುಳಿಸಾರು ಇಟ್ಟಿದ್ದಳು. ಅರಿಶಿನದ ಕಲೆ ಎಷ್ಟು ಉಜ್ಜಿದರೂ ಹೋಗಿಲ್ಲ, ಅಲ್ವಾ? ಡಿಡಿಟಿ ಎಂಬ ಕೀಟನಾಶಕ, ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿದ್ದ ಪಿಸಿಬಿ ಕೂಡ ಅದೇ ಜಾತಿ. ನೀರು ಕಂಡರೆ ಆಗದು, ಪ್ಲಾಸ್ಟಿಕ್ ಸಿಕ್ಕರೆ ಬಿಡವು. ಸಮುದ್ರದ ಪ್ಲಾಸ್ಟಿಕ್ ಗುಳಿಗೆಗಳಲ್ಲಿ ಸುತ್ತಲಿನ ನೀರಿಗಿಂತ ಹತ್ತು ಲಕ್ಷ ಪಟ್ಟಿನವರೆಗೆ ಇಂಥವು ಸೇರಿಕೊಳ್ಳುತ್ತವೆ ಎಂದು ಜಪಾನಿನ ಸಂಶೋಧಕರು 2001ರಲ್ಲೇ ತೋರಿಸಿದ್ದರು.

ಮರಳನ್ನು ಉಪ್ಪುನೀರಿಗೆ ಹಾಕಿ ಕಲಕಿದರೆ ಕವರಿನ ಚೂರು ತೇಲುತ್ತದೆ. ಪಾಲಿಯೆಸ್ಟರ್ ತೇಲುವುದಿಲ್ಲ. ಉಪ್ಪುನೀರಿನ ಸಾಂದ್ರತೆ ಹೆಚ್ಚೆಂದರೆ 1.2, ಅದರದ್ದು ಸುಮಾರು 1.38. ಪಶ್ಚಿಮವಾಹಿನಿಗೆ ಹೋಗಿ ಬಟ್ಟೆಯ ಎಳೆಯನ್ನೇ ಬಿಟ್ಟುಬಂದರೆ ಏನು ಬಂತು? ದುಬಾರಿಯಾದರೂ ಇನ್ನೂ ಸಾಂದ್ರವಾದ ಜಿಂಕ್ ಕ್ಲೋರೈಡ್ ದ್ರಾವಣ ಬಳಸಿದೆ. ಎಲೆ, ಪಾಚಿ ಕರಗಿಸಲು ಸಾಮಾನ್ಯವಾಗಿ ಹೈಡ್ರೋಜನ್ ಪೆರಾಕ್ಸೈಡ್ ಹಾಕುತ್ತಾರೆ. ನಾನು ಹಾಕಲಿಲ್ಲ, ಅಂಟಿಕೊಂಡ ರಾಸಾಯನಿಕವೂ ಹಾಳಾದರೆ? ಚಿಮಟ ಹಿಡಿದು ಒಂದೊಂದೇ ಎಳೆ ಆರಿಸುತ್ತ ಕೂತೆ. ಕತ್ತು ಹೋಯಿತು.

ಆಮೇಲೆ ಎಳೆಗಳನ್ನು ಹೆಕ್ಸೇನಿನಲ್ಲಿ ನೆನೆಸಿ, ಆ ಹೆಕ್ಸೇನನ್ನು ಜಿಸಿ-ಎಂಎಸ್ ಯಂತ್ರಕ್ಕೆ ಕೊಟ್ಟೆ. ಬೆರೆತ ರಾಸಾಯನಿಕಗಳನ್ನು ಬೇರ್ಪಡಿಸಿ ಒಂದೊಂದನ್ನೂ ಗೆರೆಯಾಗಿ ತೋರಿಸುವ ಯಂತ್ರ ಅದು. ಥಾಲೇಟ್ ಕಾಣಿಸಿತು. ಖುಷಿಯಾಯಿತು. ಪ್ಲಾಸ್ಟಿಕ್ ಮೆತ್ತಗಾಗಲು ಸೇರಿಸುವ ವಸ್ತು ಅದು.

ಜೊತೆಗೆ ಹೋಲಿಸಿ ನೋಡಲು ಒಂದು ಬ್ಲ್ಯಾಂಕ್, ಅಂದರೆ ಖಾಲಿ ಮಾದರಿ, ಕೂಡ ಇಟ್ಟಿದ್ದೆ. ಮರಳಿಲ್ಲ, ಎಳೆಯಿಲ್ಲ, ಬರೀ ಹೆಕ್ಸೇನ್. ಅದರಲ್ಲೂ ಥಾಲೇಟ್, ಅಷ್ಟೇ ಎತ್ತರದ ಗೆರೆ.

ಅದು ಎಲ್ಲಿಂದ ಬಂತೆಂದು ಎರಡು ದಿನ ಹುಡುಕಿದೆ. ಅವಸರದಲ್ಲಿ ನಾನೇ ಹೆಕ್ಸೇನನ್ನು ಪಕ್ಕದಲ್ಲಿದ್ದ ಪ್ಲಾಸ್ಟಿಕ್ ವಾಶ್ ಬಾಟಲಿಗೆ ಸುರಿದಿಟ್ಟಿದ್ದೆ. ಅದು ಸುಮ್ನೆ ಕೂತಿರಲಿಲ್ಲ, ಬಾಟಲಿಯಿಂದಲೇ ಥಾಲೇಟನ್ನು ಎಳೆದುಕೊಂಡಿತ್ತು. ಮರಳಿಗೆ ಸ್ಟೀಲ್ ಡಬ್ಬಿ ಬೇಕು ಅಂತ ಮನೆಯಲ್ಲಿ ಜಗಳವಾಡಿದವಳು ನಾನು!

ಈಗ ಪಿಪೆಟ್ಟಿನಿಂದ ಸೀಸೆಯವರೆಗೆ ಎಲ್ಲ ಗಾಜು. ಹೊಸ ಬ್ಲ್ಯಾಂಕ್ ಚೊಕ್ಕವಾಗಿದೆ. ಆರಿಸಿಟ್ಟ ಎಳೆ ಮಾತ್ರ ಒಂದೂ ಉಳಿದಿಲ್ಲ. ಭಾನುವಾರ ಮತ್ತೆ ಪಶ್ಚಿಮವಾಹಿನಿಗೆ ಹೋಗಬೇಕು. ಅಮ್ಮ ಡಬ್ಬಿಯನ್ನು ಅಟ್ಟದ ಮೇಲೆ ಹಾಕಿಬಿಟ್ಟಿದ್ದಾಳೆ.