ಟೋಪಿಯ ಮೇಲಿನ ಕಪ್ಪು ಗರಿ

ನಿನ್ನೆ ರಾತ್ರಿ ಎರಡು ಗಂಟೆ ಕೂತು ಬಣ್ಣ ಹಚ್ಚಿ ಮುಗಿಸಿದ್ದು ಬೊಂಬೆಯ ಒಂದೇ ಒಂದು ಗರಿ. ಇಟಲಿಯ ಆಲ್ಪಿನಿ ಸೈನಿಕನ ಟೋಪಿಯದು. ಆಲ್ಪಿನಿ ಅಂದರೆ ಬೆಟ್ಟದಲ್ಲಿ ಕಾದಾಡುವ ಕಾಲಾಳು ಪಡೆ. 1/35 ಅಳತೆಯ ಬೊಂಬೆ, ಅಂದರೆ ನಿಜವಾದ ಆಳಿನ ಮೂವತ್ತೈದನೇ ಒಂದು ಪಾಲು, ಎತ್ತರ ಐದು ಸೆಂಟಿಮೀಟರ್. ಗರಿ ಅಕ್ಕಿಕಾಳಿನಷ್ಟು. ಉಸಿರು ಬಿಗಿಹಿಡಿದೇ ಕಪ್ಪು ಹಚ್ಚಬೇಕು.

ಸಮವಸ್ತ್ರದ ಬೂದು ಹಸಿರು ಈ ಸಲ ಚೆನ್ನಾಗಿ ಕೂತಿದೆ. ಖುಷಿಯಾಯ್ತು.

ಆಮೇಲೆ ಬೂಟಿಗೆ ಬಂದೆ. ಚರ್ಮದ ಬೂಟು, ಅಡಿಗೆ ಕಬ್ಬಿಣದ ಮೊಳೆ. ಬಂಡೆ ಹತ್ತೋಕೆ ಮಾಡಿದ್ದು. ಅದನ್ನೇ ಹಾಕಿಕೊಂಡವರನ್ನು ಎರಡನೇ ಮಹಾಯುದ್ಧದಲ್ಲಿ, 1942ರಲ್ಲಿ, ರಷ್ಯಾದ ಡಾನ್ ನದಿ ದಂಡೆಗೆ ಕಳಿಸಿದರು. ಅಲ್ಲಿ ಬೆಟ್ಟವೇ ಇಲ್ಲ, ಬರೀ ಬಯಲು. 1943ರ ಜನವರಿಯಲ್ಲಿ ಆ ಹಿಮದಲ್ಲೇ ನಡೆದು ವಾಪಸ್ ಹೊರಟರು. ಸಾವಿರಾರು ಜನ ಊರು ಸೇರಲೇ ಇಲ್ಲ.

ನನ್ನ ಬೊಂಬೆಯ ಮುಖ ನೋಡಿದರೆ ಇಪ್ಪತ್ತರ ಹುಡುಗ. ಬೂಟಿಗೆ ಬಣ್ಣ ಹಚ್ಚೋಕೆ ಕೈ ಬರಲಿಲ್ಲ. ಬ್ರಷ್ ತೊಳೆದಿಟ್ಟು ಸುಮ್ನೆ ನೋಡ್ತಾ ಕೂತಿದ್ದೆ.